ಡೊಮೈನ್ ಬದಲಾದ ಮೇಲೆ ಕೋಟಾ ಲೆಕ್ಕ ಕೆಟ್ಟರೆ ಸರಿಪಡಿಸುವುದು ಹೇಗೆ?

ಫೈಲ್ ಸರ್ವರನ್ನು ಹೊಸ ಡೊಮೈನ್‌ಗೆ (ಬಳಕೆದಾರರ ಖಾತೆಗಳನ್ನು ಒಂದೆಡೆ ನಿರ್ವಹಿಸುವ ಜಾಲಕ್ಕೆ) ಸೇರಿಸಿದ ಬಳಿಕ ಕೋಟಾದ, ಅಂದರೆ ಕಡತ ಇಡಲು ನಿಗದಿಯಾದ ಜಾಗದ ಮಿತಿಯ ಬಗ್ಗೆ ದೂರುಗಳು ಎರಡು ಬಗೆಯಲ್ಲಿ ಬರುತ್ತವೆ. ನಾಲ್ಕು ಕಡತ ಇಟ್ಟವರಿಗೆ ‘ಜಾಗ ತುಂಬಿದೆ’ ಎಂಬ ಸಂದೇಶ. ವರ್ಷಗಟ್ಟಲೆ ಕಡತ ಗುಡ್ಡೆ ಹಾಕಿದವರ ಹೆಸರಿನ ಮುಂದೆ ಬಳಕೆ ಸೊನ್ನೆ. ದೂರು ಕೊಟ್ಟವರ ಮಿತಿ ಹೆಚ್ಚಿಸಿ ಕೈತೊಳೆದುಕೊಳ್ಳುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚಿನ ಸಲ ಕೆಟ್ಟಿರುವುದು ಕಡತದ ಒಡೆತನ.

ಸರ್ವರ್ ನಮ್ಮನ್ನು ಗುರುತಿಸುವುದು ಸಂಖ್ಯೆಯಿಂದ. ವಿಂಡೋಸ್‌ನಲ್ಲಿ ಅದು ಎಸ್‌ಐಡಿ, ಲಿನಕ್ಸ್‌ನಲ್ಲಿ ಯುಐಡಿ. ಡೊಮೈನ್ ಖಾತೆಯ ಎಸ್‌ಐಡಿ ‘ಎಸ್-1-5-21’ ಎಂದು ಶುರುವಾಗುತ್ತದೆ. ನಡುವಿನ ಅಂಕಿಗಳು ಡೊಮೈನಿನವು, ಕೊನೆಯ ತುಂಡು ಮಾತ್ರ ಬಳಕೆದಾರರದು. ಡೊಮೈನ್ ಬದಲಾದರೆ ಅದೇ ಹೆಸರಿನ ವ್ಯಕ್ತಿ ಸರ್ವರ್‌ಗೆ ಹೊಸಬರು. ಹಳೆಯ ಎಸ್‌ಐಡಿಯನ್ನು ಹೊಸ ಖಾತೆಯಲ್ಲಿ ನೆನಪಿಟ್ಟುಕೊಳ್ಳುವ ‘ಎಸ್‌ಐಡಿ ಹಿಸ್ಟರಿ’ಯನ್ನು ಒಯ್ದಿದ್ದರೆ ಹಳೆಯ ಕಡತಗಳು ಎಂದಿನಂತೆ ತೆರೆಯುತ್ತವೆ. ಹಾಗಾಗಿ ದೋಷ ಬೇಗ ಗೊತ್ತಾಗುವುದಿಲ್ಲ. ಆದರೆ ವಿಂಡೋಸ್‌ನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಕೋಟಾ ಎಣಿಸುವುದು ಒಡೆಯರ ಲೆಕ್ಕದಲ್ಲಿ. ಹಿಂದೆ ಒಬ್ಬರಿಗೆ ವಿಶೇಷವಾಗಿ ಕೊಟ್ಟಿದ್ದ ಮಿತಿ ಹಳೆಯ ಎಸ್‌ಐಡಿಗೇ ಅಂಟಿಕೊಂಡಿರುತ್ತದೆ, ಹೊಸ ಖಾತೆಗೆ ಎಲ್ಲರಿಗೂ ಇರುವ ಸಾಮಾನ್ಯ ಮಿತಿ ಬೀಳುತ್ತದೆ.

ಮೊದಲು ಕೋಟಾ ಯಾವ ಬಗೆಯದೆಂದು ನೋಡಿ. ವಿಂಡೋಸ್ ಸರ್ವರಿನ ಎಫ್‌ಎಸ್‌ಆರ್‌ಎಂ (ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್) ಎಂಬ ಸಾಧನದ ಕೋಟಾ ಫೋಲ್ಡರಿಗೆ ಸಂಬಂಧಿಸಿದ್ದು, ಅಲ್ಲಿ ಒಡೆತನದ ಪ್ರಶ್ನೆಯೇ ಇಲ್ಲ. ಫೋಲ್ಡರಿನ ಹಾದಿ ಬದಲಾಗಿದ್ದರೆ ಹೊಸ ಜಾಗದಲ್ಲಿ ಕೋಟಾ ಹಚ್ಚಿ, ಮರು ಎಣಿಕೆ ಮಾಡಿಸಿದರೆ ಸಾಕು.

ಬಳಕೆದಾರರ ಲೆಕ್ಕದ ಕೋಟಾ ಆಗಿದ್ದರೆ ಒಡೆಯರನ್ನು ಪಟ್ಟಿ ಮಾಡಿ. ವಿಂಡೋಸ್‌ನ ಕೋಟಾ ಪಟ್ಟಿಯಲ್ಲಿ ಹೆಸರಿಲ್ಲದೆ ಬರಿಯ ಎಸ್‌ಐಡಿ ಕಂಡರೆ ಅದು ಹಳೆಯ ಖಾತೆಯ ಉಳಿಕೆ. ಲಿನಕ್ಸ್‌ನಲ್ಲಿ ‘ರೆಪ್‌ಕೋಟಾ’ ಆದೇಶ ಹೆಸರು ಸಿಗದ ಯುಐಡಿಗಳನ್ನು ಹ್ಯಾಶ್ ಚಿಹ್ನೆಯೊಂದಿಗೆ ತೋರಿಸುತ್ತದೆ. ಎಲ್ಲ ಕಡತಗಳೂ ರೂಟ್ (ಲಿನಕ್ಸ್‌ನ ನಿರ್ವಾಹಕ ಖಾತೆ) ಅಥವಾ ಅಡ್ಮಿನಿಸ್ಟ್ರೇಟರ್ ಹೆಸರಿನಲ್ಲಿದ್ದರೆ, ನಕಲು ಮಾಡುವಾಗ ಒಡೆತನದ ಮಾಹಿತಿಯನ್ನು ಒಯ್ದಿಲ್ಲ ಎಂದರ್ಥ. ಬಳಕೆ ಸೊನ್ನೆ ಎಂಬ ದೂರಿಗೆ ಮೂಲ ಬಹಳ ಸಲ ಇದೇ.

ನನಗೆ ಹೆಚ್ಚು ಆತಂಕ ತರುವುದು ಮೂರನೆಯ ಸಾಧ್ಯತೆ. ಲಿನಕ್ಸ್‌ನಲ್ಲಿ ಒಬ್ಬರ ಹಳೆಯ ಯುಐಡಿ ಹೊಸ ವ್ಯವಸ್ಥೆಯಲ್ಲಿ ಇನ್ನೊಬ್ಬರಿಗೆ ಸಿಕ್ಕಿರಬಹುದು. ಆಗ ಒಬ್ಬರ ಕಡತಗಳ ಭಾರ ಮತ್ತೊಬ್ಬರ ಕೋಟಾದ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ಆ ಖಾಸಗಿ ಕಡತಗಳನ್ನು ಅವರು ತೆರೆಯಲೂಬಹುದು. ಇಂಥದ್ದು ಕಂಡ ಕೂಡಲೇ ಆ ಫೋಲ್ಡರುಗಳಿಗೆ ಪ್ರವೇಶ ನಿಲ್ಲಿಸಿ, ಉಳಿದದ್ದು ಆಮೇಲೆ.

ಇನ್ನು ಒಡೆತನ ಬದಲಿಸುವುದು. ಬ್ಯಾಕಪ್ ತೆಗೆದುಕೊಳ್ಳಿ. ಹಳೆಯ ಸಂಖ್ಯೆ ಯಾವುದು, ಹೊಸದು ಯಾವುದು ಎಂಬ ಜೋಡಿಪಟ್ಟಿ ಬರೆದುಕೊಳ್ಳಿ. ಹೊಸ ಖಾತೆಗಳಿಗೆ ಸರಿಯಾದ ಮಿತಿ ಮೊದಲೇ ಕೊಟ್ಟಿರಿ. ಇಲ್ಲವಾದರೆ ಒಡೆತನ ಬಂದ ಕ್ಷಣವೇ ಕೆಲವರ ಕೋಟಾ ತುಂಬಿಹೋಗುತ್ತದೆ. ವಿಂಡೋಸ್‌ನಲ್ಲಿ ‘ಐಕ್ಯಾಕಲ್ಸ್’, ಲಿನಕ್ಸ್‌ನಲ್ಲಿ ‘ಚೌನ್’ ಆದೇಶಗಳು ಈ ಕೆಲಸ ಮಾಡುತ್ತವೆ. ಇಲ್ಲಿ ಕ್ರಮ ತಪ್ಪಬಾರದು. ಯುಐಡಿ 1005 ಅನ್ನು 1008 ಮಾಡಬೇಕು, 1008 ಅನ್ನು 1012 ಮಾಡಬೇಕು ಎಂದುಕೊಳ್ಳಿ. ಮೊದಲನೆಯದನ್ನು ಮೊದಲು ಮಾಡಿದರೆ ಇಬ್ಬರ ಕಡತಗಳೂ 1008ರಲ್ಲಿ ಬೆರೆತುಹೋಗುತ್ತವೆ, ಬ್ಯಾಕಪ್ ಇಲ್ಲದೆ ಬೇರ್ಪಡಿಸುವುದು ಬಲು ಕಷ್ಟ. ಹಿಂದಿನಿಂದ ಆರಂಭಿಸಿ, ಅಥವಾ ಎಲ್ಲೂ ಬಳಸದ ತಾತ್ಕಾಲಿಕ ಸಂಖ್ಯೆಗಳ ಮೂಲಕ ಸಾಗಿಸಿ.

ಆಮೇಲೆ ಮರು ಎಣಿಕೆ. ಎನ್‌ಟಿಎಫ್‌ಎಸ್ ತಾನೇ ಲೆಕ್ಕ ಸರಿಹೊಂದಿಸಿಕೊಳ್ಳುತ್ತದೆ. ಲಿನಕ್ಸ್‌ನ ಹಳೆಯ ಬಗೆಯ ಕೋಟಾ ಕಡತಗಳಿದ್ದರೆ, ಯಾರೂ ಬರೆಯದ ಹೊತ್ತಿನಲ್ಲಿ ‘ಕೋಟಾಚೆಕ್’ ಓಡಿಸಿ. ಬಳಿಕ ಒಬ್ಬ ಸಾಮಾನ್ಯ ಬಳಕೆದಾರರ ಖಾತೆಯಿಂದ 100 ಎಂಬಿ ಕಡತ ಉಳಿಸಿ ನೋಡಿ: ಬಳಕೆ ಅಷ್ಟೇ ಏರಬೇಕು, ಅಳಿಸಿದಾಗ ಇಳಿಯಬೇಕು. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಪರೀಕ್ಷಿಸಬೇಡಿ, ಅದಕ್ಕೆ ಮಿತಿಯ ತಡೆ ಅನ್ವಯಿಸುವುದಿಲ್ಲ.

ಹಳೆಯ ಎಸ್‌ಐಡಿಗಳ ಕೋಟಾ ನಮೂದುಗಳನ್ನು ಕೊನೆಯಲ್ಲಿ ತೆಗೆಯಿರಿ. ಆ ಎಸ್‌ಐಡಿ ಹೆಸರಿನಲ್ಲಿ ಕಡತಗಳು ಉಳಿದಿದ್ದರೆ ವಿಂಡೋಸ್ ಒಂದು ಪಟ್ಟಿ ತೋರಿಸಿ ಏನು ಮಾಡಬೇಕೆಂದು ಕೇಳುತ್ತದೆ. ಅಲ್ಲಿನ ಆಯ್ಕೆಗಳಲ್ಲಿ ಕಡತಗಳನ್ನು ಶಾಶ್ವತವಾಗಿ ಅಳಿಸುವುದೂ ಒಂದು. ಪಟ್ಟಿಯಲ್ಲಿ ಒಂದೇ ಒಂದು ಕಡತ ಕಂಡರೂ ಕಿಟಕಿ ಮುಚ್ಚಿ, ಜೋಡಿಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಹುಡುಕಿ.