ವಾರ್ಧಕ ಷಟ್ಪದಿಗೆ ರಾಕ್ ಗಿಟಾರ್ ಕಟ್ಟಿದ್ದು ಹೀಗೆ: ನನ್ನ ಅನುಭವ

ಕನ್ನಡದ ಮಾತಿಗೆ ಡಿಸ್ಟಾರ್ಷನ್ ಗಿಟಾರ್ (ಸದ್ದನ್ನು ಬೇಕೆಂದೇ ಒರಟಾಗಿಸಿದ ರಾಕ್ ಗಿಟಾರ್) ಒಗ್ಗುವುದಿಲ್ಲ ಎಂಬ ಮಾತನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಬೆಂಗಳೂರಿನ ಸ್ಟುಡಿಯೋದವರು ಹೇಳಿದರು, ನಮ್ಮ ಜಿಲ್ಲೆಯ ಆರ್ಕೆಸ್ಟ್ರಾ ಮಾಲೀಕರು ಹೇಳಿದರು, ನನ್ನ ತಂಡ ಬಿಟ್ಟುಹೋದ ಬಾಸ್ ವಾದಕರೂ ಹೇಳಿಯೇ ಹೋದರು. ಆದರೆ ಈಚಿನ ಗಣೇಶೋತ್ಸವಗಳಲ್ಲಿ ನಾಲ್ವರ ತಂಡದ ನಾವು ಒಂದೇ ಒಂದು ಸಿನಿಮಾ ಹಾಡಿಲ್ಲದೆ ಒಂದೂವರೆ ಗಂಟೆ ನುಡಿಸಿ, ಜನರನ್ನು ಕುರ್ಚಿಯಿಂದ ಎಬ್ಬಿಸಿ, ಸಂಭಾವನೆ ಎಣಿಸಿಕೊಂಡು ಮನೆಗೆ ಬಂದಿದ್ದೇವೆ. ಆದ್ದರಿಂದ ಈಗ ಬರೆಯುವ ಹಕ್ಕು ನನಗಿದೆ. ಗಿಟಾರ್, ಪೆಡಲ್, ರೆಕಾರ್ಡಿಂಗ್ ಇವುಗಳ ಪ್ರಾಥಮಿಕ ಪಾಠ ಇಲ್ಲಿಲ್ಲ. ನುಡಿಸುವವರಿಗೆ ಅದು ಗೊತ್ತು.

ನಾನು ಬೆಳೆದದ್ದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಸಮೀಪದ ಕಾಫಿ ತೋಟವೊಂದರಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಮನೆಯಲ್ಲಿ ಸಂಗೀತವೆಂದರೆ ಹಾಸನ ಆಕಾಶವಾಣಿ. ಮನೆಯ ಹೊರಗೆ ಅಮ್ಮನ ತವರಿನ ಜಾತ್ರೆ. ತವರು ಬೀರೂರಿನ ಕಡೆ, ವೀರಗಾಸೆಯ ಸೀಮೆ. ಸಂಬಾಳ, ಕರಡೆ, ತಾಳಗಳು ಒಟ್ಟಿಗೆ ಬಡಿದರೆ ಎದೆಗೂಡು ಅದುರುತ್ತಿತ್ತು. ಜೋರು ಸದ್ದಿನ ರುಚಿ ನನಗೆ ಹತ್ತಿದ್ದು ಅಲ್ಲಿಯೇ. ರಾಕ್ ಬಂದದ್ದು ಆಮೇಲೆ, ತೋಟದ ಸಾಹುಕಾರರ ಮಗ ಹಾಸ್ಟೆಲಿನಿಂದ ತಂದು ಬಿಟ್ಟುಹೋದ ಕ್ಯಾಸೆಟ್ಟುಗಳ ಮೂಲಕ. ಇಂಗ್ಲಿಷ್ ಅರ್ಥವಾಗದಿದ್ದರೂ ಆ ಬಡಿತ ಪರಿಚಿತವಾಗಿತ್ತು.

ಮೊದಲ ಗಿಟಾರ್ ಗಿವ್ಸನ್ ಕಂಪನಿಯದು, ಸುಮಾರು 2,200 ರೂಪಾಯಿ. ಅದು 2002ರ ಆಸುಪಾಸು, ಕಾಫಿ ಬೆಲೆ ನೆಲಕಚ್ಚಿದ್ದ ಕಾಲ. ಅಪ್ಪನ ಸಂಬಳವೇ ತಿಂಗಳುಗಟ್ಟಲೆ ತಡವಾಗುತ್ತಿತ್ತು. ರಜೆಯಲ್ಲಿ ಏಣಿ ಹತ್ತಿ ಮೆಣಸು ಕೊಯ್ದು ದುಡ್ಡು ಕೂಡಿಸಿದೆ. ಮಲೆನಾಡಿನಲ್ಲಿ ಗಿಟಾರ್ ಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಜೂನ್ ಬಂತೆಂದರೆ ತಂತಿಗೆ ವಾರದೊಳಗೆ ತುಕ್ಕು, ಮರಕ್ಕೆ ಬೂಷ್ಟು, ಕುತ್ತಿಗೆ ಬಾಗುತ್ತದೆ. ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಸಂಡಿಗೆ ಡಬ್ಬಿಗಳ ಪಕ್ಕ ಇಡಿಸಿದಳು. ನಾಲ್ಕು ತಿಂಗಳು ಹೊಗೆ ಕುಡಿದ ಗಿಟಾರಿನ ಕುತ್ತಿಗೆ ಕೂದಲೆಳೆಯಷ್ಟೂ ಬಾಗಲಿಲ್ಲ. ಈಗ ಅಟ್ಟದ ಬದಲು ಬೀರುವಿನಲ್ಲಿ 40 ವ್ಯಾಟ್‌ನ ಹಳೆಯ ಬಲ್ಬೊಂದನ್ನು ಹಗಲೂ ರಾತ್ರಿ ಉರಿಸುತ್ತೇನೆ. ಸಾವಿರಾರು ರೂಪಾಯಿ ಕೊಟ್ಟು ತೇವ ಹೀರುವ ಯಂತ್ರ ಕೊಂಡವರಿಗಿಂತ ನನ್ನ ವಾದ್ಯಗಳು ಚೆನ್ನಾಗಿವೆ.

ಪದವಿ ಮುಗಿಸಿ ಬೆಂಗಳೂರಿಗೆ ಹೋದೆ. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಾಗ ಜನಜಂಗುಳಿಯ ನಡುವೆ ನಿಂತು ನೋಡಿದೆ. ಅವರ ಆ ಪ್ರಸಿದ್ಧ ಕುದುರೆ ಓಟದ ಲಯ ತಲೆಗೆ ಹತ್ತಿ, ಮುಂದಿನ ಮೂರು ವರ್ಷ ಅದೇ ಲಯಕ್ಕೆ ಕನ್ನಡ ತುಂಬಿಸುವ ಪ್ರಯತ್ನ ನಡೆಯಿತು. ಅಭ್ಯಾಸದ ಕೋಣೆಗೆ ಗಂಟೆಗೆ 250 ರೂಪಾಯಿ, ವಾರಕ್ಕೆ ಎರಡು ಸಲ. ಹಗಲು ಮೊಬೈಲ್ ಅಂಗಡಿಯಲ್ಲಿ ದುಡಿದದ್ದೆಲ್ಲ ಅಲ್ಲಿಗೆ ಹೋಗುತ್ತಿತ್ತು. ಮೂರು ಹಾಡು ರೆಕಾರ್ಡ್ ಮಾಡಲು ಹತ್ತಿರ ಹತ್ತಿರ 70,000 ಖರ್ಚಾಯಿತು. ಅದರಲ್ಲಿ ಅರ್ಧ ಅಮ್ಮನ ಬಳೆ ಅಡವಿಟ್ಟ ದುಡ್ಡು. ಬಂದ ಫಲಿತಾಂಶ? ಗಿಟಾರ್ ಒಂದು ಕಡೆ, ಮಾತು ಇನ್ನೊಂದು ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೇಳಿದವರಿಗೆ ಹಾಡಿನ ಒಂದು ಪದವೂ ಕಿವಿಗೆ ಬೀಳಲಿಲ್ಲ. ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿ ಸ್ಟುಡಿಯೋದವರು ಬಿಲ್ಲು ಕೊಟ್ಟರು.

ಊರಿಗೆ ಬಂದು ಆರ್ಕೆಸ್ಟ್ರಾ ಸೇರಿದೆ. ಕಡೂರು, ಅರಸೀಕೆರೆ, ಹಾಸನ, ಬೇಲೂರು, ಎಲ್ಲಿ ಪೆಂಡಾಲ್ ಎದ್ದರೂ ನಾನಿರುತ್ತಿದ್ದೆ. ಆರಂಭದಲ್ಲಿ ರಾತ್ರಿಗೆ 400 ರೂಪಾಯಿ, ಕೊನೆಕೊನೆಗೆ 1,200. ಜನ ಯಾವಾಗ ಎದ್ದುಹೋಗುತ್ತಾರೆ, ಎರಡು ಹಾಡಿನ ನಡುವೆ ಎಷ್ಟು ಹೊತ್ತು ಸುಮ್ಮನಿದ್ದರೆ ಸಭೆ ಕೈಬಿಡುತ್ತದೆ ಎಂಬುದನ್ನು ಕಲಿತದ್ದು ಅಲ್ಲಿ. ರಾಕ್ ನುಡಿಸುವ ಹುಡುಗರು ಆರ್ಕೆಸ್ಟ್ರಾ ಎಂದರೆ ಮೂಗು ಮುರಿಯುತ್ತಾರೆ. ಮುರಿಯಬಾರದು. ಮಳೆಯಲ್ಲಿ ನೆನೆದ ವೇದಿಕೆಯ ಮೇಲೆ, 170 ವೋಲ್ಟ್ ಕರೆಂಟಿನಲ್ಲಿ, ಶ್ರುತಿ ತಪ್ಪದೆ ನಾಲ್ಕು ಗಂಟೆ ನುಡಿಸುವುದನ್ನು ಬೇರೆ ಯಾವ ಶಾಲೆಯೂ ಕಲಿಸುವುದಿಲ್ಲ.

ಗಂಟು ಬಿಚ್ಚಿದ್ದು ಅಕ್ಕನ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಸಮಯದಲ್ಲಿ. ಅವಳಿಗೆ ಪ್ರಸ್ತಾರ ಹಾಕಿ, ಅಂದರೆ ಎರಡು ಮಾತ್ರೆಯ ಅಕ್ಷರಕ್ಕೆ ಗುರು, ಒಂದು ಮಾತ್ರೆಯದಕ್ಕೆ ಲಘು ಎಂದು ಗುರುತು ಹಾಕಿ, ಗಣ ವಿಂಗಡಿಸುವುದನ್ನು ಹೇಳಿಕೊಡುತ್ತಿದ್ದೆ. ಪಾಠ ವಾರ್ಧಕ ಷಟ್ಪದಿ, ಆರು ಸಾಲಿನ ಪದ್ಯ. ನಮ್ಮ ಜಿಲ್ಲೆಯವನೇ ಆದ, ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಇಡೀ ಜೈಮಿನಿ ಭಾರತವನ್ನು ಬರೆದದ್ದು ಇದರಲ್ಲಿ. ಐದು ಮಾತ್ರೆಯ ಗಣ, ಸಾಲಿಗೆ ನಾಲ್ಕು ಗಣ, ಒಟ್ಟು ಇಪ್ಪತ್ತು ಮಾತ್ರೆ. ಮೇಜಿನ ಮೇಲೆ ಬೆರಳಿನಿಂದ ಐದೈದು ಕುಟ್ಟುತ್ತಿದ್ದಾಗ ಕಾಲು ತಾನಾಗಿ ನಾಲ್ಕು ನಾಲ್ಕು ಹಾಕುತ್ತಿತ್ತು. ಸಾಲು ಮುಗಿಯುವಾಗ ಎರಡೂ ಒಂದೇ ಕಡೆ ಬಂದು ಬಿದ್ದವು. ಬೀಳಲೇಬೇಕು: ನಾಲ್ಕು ಐದಲೂ ಇಪ್ಪತ್ತು, ಐದು ನಾಲ್ಕಲೂ ಇಪ್ಪತ್ತು. ಗಿಟಾರ್ ಮತ್ತು ಮಾತು ಐದರಲ್ಲಿ ಹೋಗಲಿ, ಡ್ರಮ್ಸ್ ನಾಲ್ಕರಲ್ಲಿ ಹೋಗಲಿ. ಜನ ಡ್ರಮ್ಸಿಗೆ ತಲೆ ಆಡಿಸುತ್ತಾರೆ, ಕುಣಿಯಲು ಲೆಕ್ಕ ಬೇಕಾಗುವುದಿಲ್ಲ. ಮೇಲೆ ಹಾಡು ಓರೆಯಾಗಿ ಓಡುತ್ತಿರುತ್ತದೆ.

ಅದಕ್ಕಿಂತ ಸೊಗಸಾದದ್ದು ಮೂರನೆಯ ಮತ್ತು ಆರನೆಯ ಸಾಲು. ಅಲ್ಲಿ ಆರು ಗಣ, ಕೊನೆಗೊಂದು ಗುರು. ಆರು ಗಣ ಎಂದರೆ ಮೂವತ್ತು ಮಾತ್ರೆ. ಡ್ರಮ್ಸಿನ ನಾಲ್ಕಕ್ಕೆ ಅದು ಸರಿಹೊಂದುವುದಿಲ್ಲ, ಎರಡು ಮಾತ್ರೆ ಕೊರತೆ. ಕೊನೆಯ ಗುರು ಆ ಎರಡನ್ನು ಕೊಟ್ಟು ಮೂವತ್ತೆರಡು ಮಾಡುತ್ತದೆ. ಎಂಟು ನಾಲ್ಕಲೂ ಮೂವತ್ತೆರಡು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ತಿಳಿದ ಮಟ್ಟಿಗೆ ನಮ್ಮ ಸುತ್ತಮುತ್ತ ಇದನ್ನು ಗಿಟಾರಿಗೆ ಇಳಿಸಿದವರು ನಾವೇ ಮೊದಲು.

ಎಲ್ಲರೂ ಮೊದಲು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಕಟ್ಟಿ ಆಮೇಲೆ ಮಾತು ತುಂಬುತ್ತಾರೆ. ನಾವು ತಿರುಗಿಸಿದೆವು. ಮೊದಲು ಸಾಲು, ಅದರ ಪ್ರಸ್ತಾರ, ಆಮೇಲೆ ಗಿಟಾರ್. ನಮ್ಮ ಒಂದು ಹಾಡಿನ ಮೊದಲ ಸಾಲು ನೋಡಿ:

ಕತ್ತಲೆಯ ಬೆಟ್ಟದಲಿ ಗುಡುಗಿದರೆ ತಮಟೆಗಳು

ಕತ್ತಲೆಯ, ಬೆಟ್ಟದಲಿ: ಎರಡೂ ಒಂದು ಗುರು, ಮೂರು ಲಘು. ಒತ್ತಕ್ಷರದ ಹಿಂದಿನ ಅಕ್ಷರವೇ ಗುರು; ಅಲ್ಲಿ ಪೂರ್ತಿ ಕಾರ್ಡ್ (ಹಲವು ತಂತಿ ಒಟ್ಟಿಗೆ) ಹೊಡೆದು ಎರಡು ಮಾತ್ರೆ ಬಿಡುವುದು, ಉಳಿದ ಮೂರಕ್ಕೆ ಅಂಗೈ ಒತ್ತಿ ಕುಟ್ಟುವುದು. ಗುಡುಗಿದರೆ, ತಮಟೆಗಳು: ಐದೂ ಲಘು, ಆದ್ದರಿಂದ ಐದೂ ಅಂಗೈ ಒತ್ತಿದ ಹೊಡೆತ. ರಿಫ್ ಅಲ್ಲಿಗೇ ಸಿದ್ಧ, ಹುಡುಕುವ ಕೆಲಸವೇ ಇಲ್ಲ. ಐರನ್ ಮೇಡನ್ನರ ಕುದುರೆ ಓಟ ನಮ್ಮ ಲೆಕ್ಕದಲ್ಲಿ ಗುರು, ಲಘು, ಲಘು, ನಾಲ್ಕು ಮಾತ್ರೆ. ಅದಕ್ಕೆ ಇನ್ನೊಂದು ಲಘು ಸೇರಿಸಿದರೆ ನಮ್ಮ ‘ಕತ್ತಲೆಯ’. ಬೆಂಗಳೂರಿನಲ್ಲಿ ಮೂರು ವರ್ಷ ಕೈಗೆ ಸಿಗದೆ ಆಡಿಸಿದ್ದು ಆ ಒಂದು ಮಾತ್ರೆ.

ಭಾಮಿನಿ ಷಟ್ಪದಿಯನ್ನೂ ಪ್ರಯತ್ನಿಸಿದೆವು. ಮೂರು, ನಾಲ್ಕು, ಮೂರು, ನಾಲ್ಕು. ಏಳರ ರಿಫ್ ಕೇಳಲು ಬಹಳ ಚೆನ್ನ. ಆದರೆ ಹದಿನಾಲ್ಕು ಮಾತ್ರೆ ನಾಲ್ಕಕ್ಕೆ ಕೂಡುವುದಿಲ್ಲವಾದ್ದರಿಂದ ಡ್ರಮ್ಸೂ ಏಳಕ್ಕೇ ಬರಬೇಕು, ಜನರ ಕಾಲು ತೊಡರುತ್ತದೆ. ಸಂಗೀತ ಬಲ್ಲವರ ಸಭೆಗೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇವೆ.

ಇನ್ನೊಂದು ಅರ್ಧ ಬಂದದ್ದು ಅಮ್ಮನ ತವರಿನಿಂದ. ವೀರಗಾಸೆಯಲ್ಲಿ ಒಡಪು ಹೇಳುವವನು ಕತ್ತಿ ಹಿಡಿದು ನಿಂತು ದಕ್ಷಯಜ್ಞದ ತುಣುಕೊಂದನ್ನು ಉಸಿರು ಕಟ್ಟಿ ಹೇಳುವಾಗ ವಾದ್ಯಗಳು ಬಾಯಿ ಮುಚ್ಚಿರುತ್ತವೆ. ಕೊನೆಯ ಅಕ್ಷರ ಬಿದ್ದ ಕೂಡಲೇ ಕರಡೆ ಸಿಡಿಯುತ್ತದೆ. ಕನ್ನಡದ ಪದಗಳು ಹೆಚ್ಚಾಗಿ ಅ, ಇ, ಉ, ಎ ಇಂಥ ಸ್ವರಾಕ್ಷರದ ಸದ್ದಿನಲ್ಲಿ ಮುಗಿಯುತ್ತವೆ, ಅವುಗಳ ಬಾಲ ಮೆತ್ತಗೆ. ಆ ಬಾಲದ ಮೇಲೆ ಡಿಸ್ಟಾರ್ಷನ್ ಕೂತರೆ ಪದವೇ ಮುಳುಗುತ್ತದೆ. ಹಾಗಾಗಿ ಪಲ್ಲವಿಗೆ ಮುನ್ನ ಒಂದು ಒಡಪು, ಗಿಟಾರಿಲ್ಲದೆ, ಸುಮಾರು ಹದಿನೈದು ಸೆಕೆಂಡು. ಅದು ಮುಗಿದ ಕ್ಷಣದಲ್ಲಿ ನಾಲ್ವರೂ ಎಣಿಕೆಯಿಲ್ಲದೆ, ಕಣ್ಸನ್ನೆಯಿಲ್ಲದೆ ಒಟ್ಟಿಗೆ ಬೀಳುತ್ತೇವೆ. ಅದನ್ನು ಹೇಗೆ ಸಾಧಿಸುತ್ತೇವೆ ಎಂಬುದನ್ನು ಬರೆಯುವುದಿಲ್ಲ. ಹಲವು ತಂಡದವರು ಕೇಳಿದ್ದಾರೆ, ಅವರಿಗೂ ಹೇಳಿಲ್ಲ.

ಹಾಡು ಸಿದ್ಧವಾದರೂ ಕೇಳುವವರಿರಲಿಲ್ಲ. ಪೆಂಡಾಲ್ ಸಮಿತಿಗಳು ಹದಿನೈದು ಜನರ ಆರ್ಕೆಸ್ಟ್ರಾಕ್ಕೆ ಮೂವತ್ತು, ನಲವತ್ತು ಸಾವಿರ ಕೊಡುತ್ತಿದ್ದವು. ನಾಲ್ಕು ಜನರ ನಾವು 18,000 ಕೇಳಿದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಕಡೂರಿನ ಕಡೆಯ ಒಂದು ಸಮಿತಿ ಒಪ್ಪಿತು. ಅಧ್ಯಕ್ಷರು, “ಏನಪ್ಪಾ, ಅಣ್ಣಾವರ ಹಾಡು ಒಂದಾದರೂ ಇಟ್ಟುಕೊಳ್ಳುವುದಿಲ್ಲವೇ?” ಎಂದು ಕೇಳಿದರು. “ಯಜಮಾನರೇ, ಅರ್ಧ ಗಂಟೆ ನೋಡಿ. ಜನ ಎದ್ದುಹೋದರೆ ದುಡ್ಡು ಕೊಡಬೇಡಿ” ಎಂದೆ. 12,000ಕ್ಕೆ ಕುದುರಿತು. ಟೆಂಪೋಗೆ ಮೂರು ಸಾವಿರದ ಹತ್ತಿರ, ಹಾಸನದಿಂದ ಬರುವ ಡ್ರಮ್ಮರನ ಖರ್ಚು, ಊಟ, ತಂತಿ, ಎಲ್ಲ ಕಳೆದು ತಲೆಗೆ ಒಂದೂವರೆ ಸಾವಿರ ಉಳಿಯಿತು. ಮೊದಲ ಒಡಪಿಗೇ ಮುಂದಿನ ಸಾಲಿನ ಹಿರಿಯರು ಕೈ ಎತ್ತಿದರು; ಅವರಿಗದು ಗೊತ್ತಿದ್ದ ಸಂಗತಿ. ಹುಡುಗರು ರಿಫ್‌ಗೆ ಎದ್ದರು. ಅಧ್ಯಕ್ಷರು ಕೊನೆಗೆ ಶಾಲು ಹೊದಿಸಿ ಮುಂದಿನ ವರ್ಷಕ್ಕೂ ಮುಂಗಡ ಕೊಟ್ಟರು. ಈಗ ನಮ್ಮ ದರ ನಲವತ್ತರ ಮೇಲೆ.

ಪೆಂಡಾಲಿನ ಸದ್ದಿನ ಬಗ್ಗೆ ಒಂದು ಮಾತು. ಅಹುಜಾ ಆಂಪ್ಲಿಫೈಯರಿಗೆ ಹಾರ್ನ್ ಕಟ್ಟಿದ ಮೈಕ್ ಸೆಟ್ಟಿನಲ್ಲಿ ಕೆಳಗಿನ ಸ್ವರಗಳು ಹೊರಗೇ ಬರುವುದಿಲ್ಲ. ಡ್ರಾಪ್ ಸಿ ಮಾಡಿಕೊಂಡು, ಅಂದರೆ ತಂತಿಗಳ ಶ್ರುತಿ ತಗ್ಗಿಸಿಕೊಂಡು ಹೋದರೆ ಅರ್ಧ ಹಾಡು ಕಾಣೆ. ನಾವು ಸಾಮಾನ್ಯ ಶ್ರುತಿಯಲ್ಲೇ ನುಡಿಸುತ್ತೇವೆ, ಸದ್ದನ್ನು ಒರಟಾಗಿಸುವ ಗೇನ್ ಅನ್ನು ಮನೆಯಲ್ಲಿ ಇಡುವುದರ ಅರ್ಧಕ್ಕೆ ಇಳಿಸುತ್ತೇವೆ. ಮಿಡ್, ಅಂದರೆ ನಡುವಿನ ಸ್ವರಗಳ ಸದ್ದು, ಎಲ್ಲಿ ಕತ್ತರಿಸಬೇಕೆಂಬುದು ನನ್ನ ಪೆಡಲ್ ಮೇಲೆ ಟೇಪ್ ಅಂಟಿಸಿ ಮುಚ್ಚಿದ ಗುಟ್ಟು. ಮೈಕ್ ಸೆಟ್ಟಿನವರನ್ನು ಅಣ್ಣಾ ಎಂದು ಮಾತನಾಡಿಸಿ, ಮೊದಲು ಅವರಿಗೆ ಊಟ ಹಾಕಿಸಿ. ಅರ್ಧ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ.

ಆಲ್ಬಮ್ ರೆಕಾರ್ಡ್ ಮಾಡಿದ್ದು ತೋಟದ ಗೋದಾಮಿನಲ್ಲಿ. ಪಾರ್ಚ್‌ಮೆಂಟ್, ಚೆರ್ರಿ ಎಂಬ ಒಣಗಿಸಿದ ಕಾಫಿಯೆಲ್ಲ ಸಿಪ್ಪೆ ತೆಗೆಯುವ ಕ್ಯೂರಿಂಗ್‌ಗೆ ಹೋಗಿ ಏಪ್ರಿಲ್ ಹೊತ್ತಿಗೆ ಅದು ಖಾಲಿ. ಜೂನ್ ಬಂದರೆ ತಗಡಿನ ಮೇಲೆ ಮಳೆ, ಮೈಕ್ ಇಡುವ ಹಾಗಿಲ್ಲ. ನಡುವಿನ ಆರೇಳು ವಾರವೇ ನಮ್ಮ ಸ್ಟುಡಿಯೋ. ಖಾಲಿ ಗೋದಾಮು ವಿಪರೀತ ಗುಂಯ್ಗುಡುತ್ತದೆ. ಗೋಣಿಚೀಲಗಳನ್ನು ಮೂರು ಪದರ ಮಾಡಿ ತಂತಿಗೆ ತೂಗುಹಾಕಿದೆವು, ಮೂಲೆಗಳಲ್ಲಿ ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ತಲೆಯೆತ್ತರಕ್ಕೆ ಪೇರಿಸಿದೆವು. ಬಾಸ್ ಡ್ರಮ್ಮಿನ ಸದ್ದು ಬಿಗಿಯಾಯಿತು. ಖರ್ಚು ಬರೀ ಹಗ್ಗದ್ದು.

ಅದಕ್ಕೂ ಮುಂಚಿನ ವರ್ಷದ ಪ್ರಯತ್ನ ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿಗೆ ಬಲಿಯಾಗಿತ್ತು. ಸಂಜೆ ಸಿಡಿಲು ಬಡಿದು ಗಿಟಾರ್, ಮೈಕ್‌ಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್, ಲ್ಯಾಪ್‌ಟಾಪಿನ ಚಾರ್ಜರ್ ಎರಡೂ ಸುಟ್ಟವು. ಸುಮಾರು 14,000 ಹೋಯಿತು. ಜೊತೆಗೆ ಸ್ಪೀಕರಿನಲ್ಲಿ ಸದಾ ಹಮ್ ಎಂಬ ಗುಂಯ್ ಸದ್ದು. ಕೇಬಲ್ ಬದಲಿಸಿದೆವು, ಪೆಡಲ್ ಬದಲಿಸಿದೆವು, ಹೋಗಲಿಲ್ಲ. ಕಡೆಗೆ ಗೋದಾಮಿನ ಹಿಂದೆ ಆಳುದ್ದದ ಗುಂಡಿ ತೋಡಿ, ಪೈಪ್ ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಸಿದೆವು. ಎರಡು ಸಾವಿರದೊಳಗೆ ಮುಗಿದ ಕೆಲಸ. ಹಮ್ ಅಂದೇ ನಿಂತಿತು. ಗುಡುಗು ಕೇಳಿಸಿದರೆ ಪ್ಲಗ್ ಕಿತ್ತು ಕಾಫಿ ಕುಡಿಯುವುದು ಈಗಿನ ನಿಯಮ.

ನಡುವೆ ಹಲಸಿನ ಮರದಲ್ಲಿ ಗಿಟಾರಿನ ಒಡಲು ಮಾಡಿಸಿದ್ದೂ ಇದೆ. ವೀಣೆಗೆ, ಮೃದಂಗಕ್ಕೆ ಬರುವ ಮರ ಗಿಟಾರಿಗೆ ಏಕೆ ಬರಬಾರದು ಎಂಬ ಹಟ. ನಮ್ಮೂರಿನ ಆಚಾರಿಗಳು ಎಂಟು ವರ್ಷ ಒಣಗಿದ ಹಲಗೆಯಲ್ಲಿ ಅಂದವಾಗಿ ಕೆತ್ತಿಕೊಟ್ಟರು, ಕೂಲಿ 3,500. ನಾದ ದೀರ್ಘವಾಗಿ ನಿಲ್ಲುತ್ತದೆ, ಬಣ್ಣ ಅರಿಶಿನದ್ದು, ತೂಕ ಐದು ಕಿಲೋ ದಾಟುತ್ತದೆ. ಕುಳಿತು ರೆಕಾರ್ಡ್ ಮಾಡಲು ಅದೇ ಬೇಕು, ನಿಂತು ನುಡಿಸಲು ಹೆಗಲು ಕೇಳುವುದಿಲ್ಲ. ಸಿಲ್ವರ್ ಓಕ್‌ನಲ್ಲಿ ಮಾಡಿಸಿದ ಸ್ಪೀಕರ್ ಪೆಟ್ಟಿಗೆ ಮಾತ್ರ ಒಂದೇ ಮಳೆಗಾಲಕ್ಕೆ ಸೊಟ್ಟಗಾಗಿ ಕೋಳಿಗೂಡಾಯಿತು.

ಆಲ್ಬಮ್ಮಿನ ಒಟ್ಟು ಖರ್ಚು, ಬೆಂಗಳೂರಿನಲ್ಲಿ ಮಿಕ್ಸ್ ಮಾಡಿಸಿದ್ದೂ ಸೇರಿ, 45,000 ಆಗಿರಬೇಕು. ಎರಡು ಪೆಂಡಾಲಿನಲ್ಲಿ ಅದು ವಾಪಸ್ ಬಂತು. ಅಮ್ಮನ ಬಳೆ ಬಿಡಿಸಿದ್ದು ಮೂರನೆಯದರಲ್ಲಿ.

ಬರುವ ಏಪ್ರಿಲ್‌ಗೆ ಗೋದಾಮು ಮತ್ತೆ ಖಾಲಿಯಾಗುತ್ತದೆ. ಕನ್ನಡದಲ್ಲಿ ರಾಕ್ ಬರೆಯುವ ತಂಡಗಳು ಇದ್ದರೆ ಬನ್ನಿ, ಬಾಡಿಗೆ ಕೇಳುವುದಿಲ್ಲ. ಡ್ರಮ್ಸ್ ನೀವೇ ತರಬೇಕು, ಊಟದ ಖರ್ಚು ಹಂಚಿಕೊಳ್ಳಬೇಕು, ಬರುವಾಗ ಹಾಡುಗಳಿಗೆ ಪ್ರಸ್ತಾರ ಹಾಕಿಕೊಂಡೇ ಬರಬೇಕು.