ಹುಬ್ಬಳ್ಳಿ ಬಿಸಿಲಿಗೆ ಅಂಗಳದ ಆಫೀಸು: ನನ್ನ ಅನುಭವ

ಗೋಕುಲ ರಸ್ತೆ ಕಡೆ ನಾನು ವಿನ್ಯಾಸ ಮಾಡಿದ ಆಫೀಸು ಎರಡು ಬೇಸಿಗೆ ದಾಟಿದೆ. ಗಾಜಿನ ಮುಖ ಇಲ್ಲ. ನಡುವೆ ತೆರೆದ ಅಂಗಳ. 60 ಚಿಲ್ಲರೆ ಜನ ಕೆಲಸ ಮಾಡುತ್ತಾರೆ, ಎಸಿ ಇರುವುದು ಸರ್ವರ್ ಕೋಣೆಗೆ ಮತ್ತು ಒಂದು ಮೀಟಿಂಗ್ ಕೋಣೆಗೆ ಅಷ್ಟೇ. "ಇದು ನಡಿಯೂದಿಲ್ರಿ" ಎಂದವರೇ ಈಗ ಬಂದು ನೋಡಿ ಹೋಗುತ್ತಿದ್ದಾರೆ.

ಮೊದಲ ಜಗಳ ಅಂಗಳದ್ದೇ. ಸುಮಾರು 9,000 ಚದರಡಿಯಲ್ಲಿ 500 ಚದರಡಿ ಆಕಾಶಕ್ಕೆ ಬಿಡಬೇಕು. "ಅಷ್ಟು ಜಾಗಾ ಬಾಡಿಗಿ ಕೊಟ್ರ ಎಷ್ಟ್ ಬರ್ತದ ಗೊತ್ತೇನ್ರಿ?" ಎಂದರು ಮಾಲೀಕರು. ಏಪ್ರಿಲ್ ಮಧ್ಯಾಹ್ನ ಅವರನ್ನು ಧಾರವಾಡದ ಒಂದು ಹಳೇ ವಾಡೆಗೆ ಕರೆದುಕೊಂಡು ಹೋಗಿ ಪಡಸಾಲೆಯಲ್ಲಿ ಕೂರಿಸಿದೆ. ಆಮೇಲೆ ಬಾಡಿಗೆ ಮಾತು ಎತ್ತಲಿಲ್ಲ.

ಮಣ್ಣಿನ ಇಟ್ಟಿಗೆಗೆ ದುಡ್ಡು ಸುಮ್ನೆ ಹೋಯಿತು. ಪಾಯಾ ತೆಗೆದ ಎರೆಮಣ್ಣನ್ನೇ ಬಳಸಬೇಕು ಅಂತ ಮಾಲೀಕರ ಹಟ. ಸಿಮೆಂಟ್ ಬೆರೆಸಿ ಒತ್ತಿದೆವು, ಒಣಗುವಾಗಲೇ ಸೀಳು ಬಿಟ್ಟಿತು. ಸುಣ್ಣ ಹಾಕಿದ ಮೇಲೆ ತಡೆದುಕೊಂಡಿತು, ಆದರೆ ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ 80 ಸಾವಿರದಷ್ಟು ಕರಗಿತ್ತು. ಕೊನೆಗೆ ಸುಟ್ಟ ಇಟ್ಟಿಗೆ, ರ್‍ಯಾಟ್ ಟ್ರ್ಯಾಪ್ ಕಟ್ಟಣೆ, ಅಂದರೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವುದು. "ಗ್ವಾಡಿ ಒಳಗ ಟೊಳ್ಳ ಬಿಟ್ರ ನಿಲ್ಲೂದಿಲ್ರಿ ಸಾಹೇಬ್ರ" ಎಂದರು ಗೌಂಡಿ. ಮಾದರಿ ಗೋಡೆ ಕಟ್ಟಿಸಿ, ಮೇಲೆ ಹತ್ತಿ ನಿಲ್ಲಿ ಎಂದೆ. ಇಟ್ಟಿಗೆಯಲ್ಲಿ ಕಾಲು ಭಾಗ ಉಳಿತಾಯವಾಯಿತು. ಪಡುವಣ ಗೋಡೆ ಸಂಜೆ ನಾಲ್ಕಕ್ಕೂ ಒಳಗಡೆ ಕೈಗೆ ಬಿಸಿ ತಾಗಲ್ಲ.

ಕಾಂಕ್ರೀಟ್ ಕಡಿಮೆ ಹಿಡಿಯಲಿ ಅಂತ ಸ್ಲ್ಯಾಬಿಗೆ ಹಳೇ ಮನೆ ಕೆಡವಿದಲ್ಲಿಂದ ತಂದ ಮಂಗಳೂರು ಹೆಂಚು ತುಂಬಿದೆ. ಸಾಗವಾನಿ ಚೌಕಟ್ಟುಗಳೂ ಅಲ್ಲಿಂದಲೇ, ಹೊಸದರ ಅರ್ಧ ಬೆಲೆಗೆ. ಗಾಳಿ ಬರಲು ತೂತು ಬಿಟ್ಟು ಕಟ್ಟಿದ ಜಾಲಿ ಗೋಡೆ ಮಾತ್ರ ಮೊದಲ ಜೂನ್‌ನಲ್ಲಿ ಕಾಡಿತು. ಪಡುವಣ ಗಾಳಿ ಮಳೆಯನ್ನು ಸೀದಾ ಟೇಬಲ್ ಮೇಲೆ ತಂದು ಹೊಡೆಯಿತು. ಜಾಲಿಯನ್ನು ಒಳಗಿನಿಂದ ಹೊರಗೆ ಇಳಿಜಾರು ಮಾಡಿ ಮತ್ತೆ ಕೂರಿಸಿದೆ. ಎಷ್ಟು ಇಳಿಜಾರು ಅನ್ನೋದು ನನ್ನ ಹತ್ತಿರವೇ ಇರಲಿ. ರಾತ್ರಿ ವಾಚ್‌ಮನ್ ಮೇಲಿನ ಕಿಂಡಿಗಳನ್ನೆಲ್ಲ ತೆಗೆಯುತ್ತಾರೆ, ಬೆಳಿಗ್ಗೆ ಎಂಟಕ್ಕೆ ಮುಚ್ಚುತ್ತಾರೆ. ಹೊರಗೆ 38 ಡಿಗ್ರಿ ಇದ್ದಾಗ ಪಡಸಾಲೆಯಲ್ಲಿ 32, 33.

ಈಗ ಜನ ಕೂಡುವ ವಿಷಯ. ತಂಪಿದ್ದಲ್ಲಿ ಜನ ನಿಲ್ತಾರೆ, ನಿಂತಲ್ಲಿ ಮಾತಾಡ್ತಾರೆ ಅಲ್ವಾ? ಅದಕ್ಕೇ ತಂಪು ಮಾಡುವ ಜಾಗವನ್ನೇ ದಾರಿ ಮಾಡಿದೆ. ದಿನ ಬಳಸುವ ಮೆಟ್ಟಿಲು ಒಂದೇ, ಅಗಲವಾಗಿ, ಅಂಗಳದ ಪಕ್ಕ. ಬೆಂಕಿ ಬಿದ್ದರೆ ಇಳಿಯುವ ಮೆಟ್ಟಿಲು ಹಿಂದೆ ಬೇರೆ ಇದೆ. ಕುಡಿಯುವ ನೀರು, ಚಹಾ, ಪ್ರಿಂಟರ್ ಎಲ್ಲ ಅಂಗಳದ ಕಟ್ಟೆ ಹತ್ತಿರ. ಕಟ್ಟೆಗೆ ಶಹಾಬಾದ್ ಕಲ್ಲು, ಒಂದೂವರೆ ಅಡಿ ಎತ್ತರ, ಎರಡು ಅಡಿ ಅಗಲ. ಆಳು ಓಡಾಡಿ ಟೈಮ್ ಹಾಳು ಅಂತ ಮ್ಯಾನೇಜರ್ ಮೇಲಿನ ಮಹಡಿಗೂ ಒಂದು ಚಹಾ ಮಷಿನ್ ಇಡಿಸಿದರು. ಒಂದೇ ವಾರದಲ್ಲಿ ಕಟ್ಟೆ ಖಾಲಿ. ಮೇಲಿನವರ ಪ್ರಶ್ನೆ ಕೆಳಗಿನವರಿಗೆ ಇಮೇಲ್‌ನಲ್ಲಿ ಬರತೊಡಗಿತು. ಮಷಿನ್ ತೆಗೆಸಿದ ಮೇಲೆ ಮತ್ತೆ ಕಟ್ಟೆ ತುಂಬಿತು. ಬಿಲ್ಲಿಂಗ್‌ನವರೂ ಕೋಡ್ ಬರೆಯುವವರೂ ಅಲ್ಲೇ ತಕರಾರು ಬಗೆಹರಿಸಿಕೊಳ್ಳುತ್ತಾರೆ.

ಆದರೆ ಗದ್ದಲ! ಕಟ್ಟೆಯ ನಗು ಸೀದಾ ಫೋನಿನಲ್ಲಿರುವವರ ಕಿವಿಗೆ. ಸದ್ದು ಹೀರುವ ಅಕೌಸ್ಟಿಕ್ ಹಲಗೆಗೆ ಕೇಳಿದ ರೇಟು ಮೂರು ಲಕ್ಷದ ಮೇಲಿತ್ತು. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿ ತಂದು, ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಎರಡು ಇಂಚು ಬಿಟ್ಟು ತೂಗುಹಾಕಿದೆ. 50 ಸಾವಿರದೊಳಗೆ ಮುಗಿಯಿತು. ಗೋಡೆಗೆ ತಾಗಿಸಿ ಹೊಡೆದು ನೋಡಿದಾಗ ಅಷ್ಟು ಪರಿಣಾಮ ಇರಲಿಲ್ಲ, ಹಿಂದಿನ ಗಾಳಿ ಬೇಕೇ ಬೇಕು. ನುಸಿ ಹಿಡಿಯದಂತೆ ಆಗಾಗ ಬಿಸಿಲಿಗೆ ಹಾಕಬೇಕು. ತಂಪಿಗೆ ಅಂತ ನೀರು ತುಂಬಿದ ಮಣ್ಣಿನ ಹರವಿಗಳನ್ನು ಕಿಟಕಿಗೆ ಇಟ್ಟೂ ನೋಡಿದೆ. ಮಾರ್ಚ್, ಏಪ್ರಿಲ್‌ಗೆ ಚೆಂದ, ಮಳೆಗಾಲದಲ್ಲಿ ಬರೀ ಸೊಳ್ಳೆ.

ಒಟ್ಟು ಖರ್ಚು ಚದರಡಿಗೆ 2,100 ರೂಪಾಯಿ ಆಸುಪಾಸು. ಗಾಜು, ಎಸಿ ಸೇರಿಸಿ ಬೇರೆಯವರು ಕೊಟ್ಟ ಅಂದಾಜು 2,600 ದಾಟಿತ್ತು. ಮುಂದಿನ ಕೆಲಸ ಗದಗಿನಲ್ಲಿ. ಅಲ್ಲಿ ಎರೆಮಣ್ಣು ಇನ್ನೂ ಆಳ, ಪಾಯಾಕ್ಕೇ ಜಾಸ್ತಿ ಹೋಗುತ್ತದೆ. ಆದರೂ ಅಂಗಳಕ್ಕೆ ಈ ಸಲ 700 ಚದರಡಿ ಕೇಳಿದ್ದೇನೆ, ಮಾಲೀಕರು ಒಪ್ಪಿದ್ದಾರೆ.