ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್: ಮೊದಲು ನಕಲು, ರಿಪೇರಿ ಆಮೇಲೆ

ಲ್ಯಾಪ್‌ಟಾಪ್ ಆನ್ ಮಾಡಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳ ಚಕ್ರ ತಿರುಗುತ್ತಲೇ ಇರುತ್ತದೆ. ಒಂದು ಫೋಲ್ಡರ್ ತೆರೆಯಹೋದರೆ ಇಡೀ ಯಂತ್ರ ಅರ್ಧ ನಿಮಿಷ ಕಲ್ಲಿನಂತೆ ಕೂರುತ್ತದೆ. ಕಿವಿಗೊಟ್ಟರೆ ಒಳಗಿನಿಂದ ಟಕ್, ಟಕ್. ವೈರಸ್ ಹೊಕ್ಕಿರಬೇಕು ಎಂದುಕೊಂಡು ಪೂರ್ತಿ ಸ್ಕ್ಯಾನ್ ಹಚ್ಚಿ ಮಲಗಿಬಿಡುತ್ತೇವೆ. ಏದುಸಿರು ಬಿಡುತ್ತಿರುವವನನ್ನು ಬೆಟ್ಟ ಹತ್ತಿಸಿದ ಹಾಗೆ ಅದು.

ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅವನ್ನು ಓದುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಒಮ್ಮೆ ತಾಗಿ ಗೀರಿದರೆ ಎದ್ದ ಪುಡಿಯೇ ಇನ್ನಷ್ಟು ಗೀರುಗಳನ್ನು ಎಳೆಯುತ್ತದೆ. ಕೆಡಲು ಶುರುವಾದ ಡಿಸ್ಕ್ ಇನ್ನೆಷ್ಟು ಸಲ ಓದಿಕೊಟ್ಟೀತು ಎಂದು ಯಾರೂ ಹೇಳಲಾರರು. ಉಳಿದ ಅಷ್ಟನ್ನು ಯಾವುದಕ್ಕೆ ಖರ್ಚು ಮಾಡುತ್ತೀರಿ ಎಂಬುದೇ ಪ್ರಶ್ನೆ. ನಾನು ಒಮ್ಮೆ ಮನೆಯ ಹಳೇ ಲ್ಯಾಪ್‌ಟಾಪ್‌ಗೆ ರಾತ್ರಿ ‘ಚೆಕ್ ಡಿಸ್ಕ್’ ರಿಪೇರಿ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ರಿಪೇರಿಯೂ ಇಲ್ಲ, ಡಿಸ್ಕೂ ಇಲ್ಲ. ಫೋಟೊಗಳನ್ನು ಮೊದಲು ನಕಲು ಮಾಡಿದ್ದರೆ ಒಂದು ಗಂಟೆಯ ಕೆಲಸವಾಗಿತ್ತು.

ನಾಡಿ ಹಿಡಿದು ನೋಡಿ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಆ ಪಟ್ಟಿಯನ್ನು ತೋರಿಸುತ್ತದೆ: ನೀಲಿಯಿದ್ದರೆ ಚೆನ್ನ, ಹಳದಿಯಿದ್ದರೆ ಎಚ್ಚರ, ಕೆಂಪಾದರೆ ಕೆಟ್ಟಿತು. ನೋಡಬೇಕಾದ ಸಾಲುಗಳು ಮೂರು. 05 ಎಂದರೆ ಕೆಟ್ಟ ಸೆಕ್ಟರ್‌ಗಳ (ಮಾಹಿತಿ ಬರೆಯುವ ಪುಟ್ಟ ತುಣುಕುಗಳ) ಬದಲಿಗೆ ಮೀಸಲು ಜಾಗ ಬಳಸಿದ ಲೆಕ್ಕ. ಸಿ5 ಎಂದರೆ ಓದಲು ತಡವರಿಸುತ್ತಿರುವವು. ಸಿ6 ಎಂದರೆ ಓದಲಾಗದೆ ಕೈಬಿಟ್ಟವು. ಈ ಅಂಕಿಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಡೆಸ್ಕ್‌ಟಾಪ್‌ನಲ್ಲಿ ಸಿ7 (ಮಾಹಿತಿ ಸಾಗಣೆಯಲ್ಲಾದ ದೋಷಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ತಪ್ಪು ಬಹುಶಃ ಕೇಬಲ್‌ನದು. ಹೊಸ ಡಿಸ್ಕ್‌ಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ.

ಡಿಸ್ಕ್ ಬಯೋಸ್‌ನಲ್ಲೂ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಕಾಣದೆ ಬರೀ ಟಕ್ ಟಕ್ ಎನ್ನುತ್ತಿದ್ದರೆ, ಅಥವಾ ಕೆಳಗೆ ಬಿದ್ದ ಮೇಲೆ ಹೀಗಾಗಿದ್ದರೆ, ಅಲ್ಲಿಗೇ ನಿಲ್ಲಿಸಿ. ಕರೆಂಟ್ ಕೊಟ್ಟಷ್ಟೂ ಹಾನಿ ಹೆಚ್ಚು. ಮಾಹಿತಿ ಅಮೂಲ್ಯವಾಗಿದ್ದರೆ ಅದು ಡೇಟಾ ರಿಕವರಿ ಪ್ರಯೋಗಾಲಯದ ಕೆಲಸ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವವರು ಈಗಲೂ ಇದ್ದಾರೆ. ಹೊರತೆಗೆದ ತಕ್ಷಣ ಕೂರುವ ನೀರಿನ ಹನಿಯ ಬಗ್ಗೆ ಅವರು ಮಾತಾಡುವುದಿಲ್ಲ.

ಮುಳುಗುವ ದೋಣಿಯಿಂದ ಮೊದಲು ಮಕ್ಕಳು

ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್ ಕೈಗೆ ಬರುವವರೆಗೆ ಕಂಪ್ಯೂಟರ್ ಆಫ್ ಆಗಿರಲಿ. ಬಂದ ಮೇಲೆ ಅಕ್ಕಿಮೂಟೆ ಆಮೇಲೆ, ಮಕ್ಕಳು ಮೊದಲು. ಸಿನಿಮಾಗಳು ಮತ್ತೆ ಸಿಗುತ್ತವೆ, ತಂತ್ರಾಂಶಗಳನ್ನು ಮತ್ತೆ ಹಾಕಿಕೊಳ್ಳಬಹುದು. ಮದುವೆಯ ಫೋಟೊ, ಜಮೀನಿನ ದಾಖಲೆಯ ಸ್ಕ್ಯಾನ್, ಅಂಗಡಿಯ ಟ್ಯಾಲಿ ಡೇಟಾ ಫೋಲ್ಡರ್ ಮೊದಲು ಸಾಗಲಿ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಮರೆಯಬೇಡಿ. ನಮ್ಮಲ್ಲಿ ಅರ್ಧ ಸಂಸಾರ ಅಲ್ಲೇ ಬಿದ್ದಿರುತ್ತದೆ.

ಕನ್ನಡಿಗರಿಗೆ ಒಂದು ವಿಶೇಷ ಸೂಚನೆ. ಹಳೇ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಕಡತದ ಜತೆಗೆ ಆ ಫಾಂಟನ್ನೂ ನಕಲು ಮಾಡಿಕೊಳ್ಳಿ. ಫಾಂಟ್ ಇಲ್ಲದ ಹೊಸ ಕಂಪ್ಯೂಟರ್‌ನಲ್ಲಿ ತೆರೆದರೆ ನಿಮ್ಮ ಕಾದಂಬರಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಹಾಳಾಯಿತೆಂದು ಭ್ರಮಿಸಿ ಅಳಿಸಿದವರಿದ್ದಾರೆ.

ಕೆಟ್ಟ ಫೈಲ್ ಎದುರಾದಾಗ ವಿಂಡೋಸ್‌ನ ಮಾಮೂಲಿ ಕಾಪಿ ಅಲ್ಲೇ ತಿಣುಕುತ್ತದೆ. ಅದನ್ನು ‘ಸ್ಕಿಪ್’ ಮಾಡಿ ಮುಂದೆ ಹೋಗಿ. ಅದೇ ವಿಂಡೋಸ್‌ನೊಳಗಿನ ರೋಬೊಕಾಪಿ ಆದೇಶ ಬಳಸುವವರು ಮರುಯತ್ನದ ಸಂಖ್ಯೆಯನ್ನು 1ಕ್ಕೆ ಇಳಿಸಲೇಬೇಕು: ತಾನಾಗಿ ಬಿಟ್ಟರೆ ಅದು ಒಂದೊಂದು ಫೈಲಿಗೂ 30 ಸೆಕೆಂಡ್ ಕಾಯುತ್ತ 10 ಲಕ್ಷ ಸಲ ಪ್ರಯತ್ನಿಸುತ್ತದೆ!

ತುಂಬಾ ಸೆಕ್ಟರ್‌ಗಳು ಕೆಟ್ಟಿದ್ದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ನೂ ಡಿಡಿ-ರೆಸ್ಕ್ಯೂ ಎಂಬ ನಕಲು ತಂತ್ರಾಂಶ ಬಳಸುವುದು ಜಾಣತನ. ಸುಲಭವಾಗಿ ಓದಲಾಗುವ ಭಾಗಗಳನ್ನು ಅದು ಮೊದಲು ಎತ್ತಿಕೊಂಡು, ಕಷ್ಟದವನ್ನು ಕೊನೆಗೆ ಬಿಡುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಎರಡೆರಡು ಸಲ ನೋಡಿ. ಹೆಸರು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಮಾಹಿತಿಯ ಮೇಲೆ ಬರೆದುಕೊಳ್ಳುತ್ತದೆ.

ನಕಲು ಮುಗಿದ ಮೇಲೆ ಹತ್ತಾರು ಫೋಟೊ, ಕಡತ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಒಳಗೆ ಏನೋ ಇದೆ ಎಂದಲ್ಲ.

ಹೊಸದನ್ನು ಕೊಳ್ಳುವಾಗ

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಲಿ, ಆನ್‌ಲೈನ್‌ನಲ್ಲಿ ತರಿಸಲಿ, ಮೊದಲು ನಿಮ್ಮ ಲ್ಯಾಪ್‌ಟಾಪ್‌ಗೆ ಯಾವುದು ಹಿಡಿಸುತ್ತದೆ ಎಂದು ತಿಳಿದಿರಬೇಕು. ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲಿ ಮಾಹಿತಿ ಇಡುವ ಡ್ರೈವ್) ಕೂರುತ್ತದೆ. ಮತ್ತೆ ತಿರುಗುವ ಡಿಸ್ಕನ್ನೇ ಹಾಕಲು ನನಗೆ ಕಾರಣ ಕಾಣುವುದಿಲ್ಲ. ಎಂ.2 ಕಿಂಡಿ (ಪಟ್ಟಿಯಂಥ ತೆಳು ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಸಾಟಾ ತೆಗೆದುಕೊಳ್ಳುತ್ತದೋ ಅದಕ್ಕಿಂತ ವೇಗದ ಎನ್‌ವಿಎಂಇ ತೆಗೆದುಕೊಳ್ಳುತ್ತದೋ ಕೈಪಿಡಿಯಲ್ಲಿ ನೋಡಿ, ಎರಡೂ ನೋಡಲು ಒಂದೇ ಥರ.

ಹಳೆಯದನ್ನು ಹಾಗೇ ಪೂರ್ತಿ ನಕಲು (ಕ್ಲೋನ್) ಮಾಡಬಹುದು. ಆದರೆ ಕೆಟ್ಟ ಸೆಕ್ಟರ್‌ಗಳಲ್ಲಿ ಹರಿದ ವಿಂಡೋಸ್ ಫೈಲುಗಳೂ ಹರಿದಂತೆಯೇ ಬರುತ್ತವೆ. ಡಿಸ್ಕ್ ನರಳುತ್ತಿದ್ದರೆ ವಿಂಡೋಸನ್ನು ಹೊಸದಾಗಿ ಹಾಕುವುದೇ ವಾಸಿ. ಮೈಕ್ರೊಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ಮತ್ತು 8 ಜಿಬಿ ಪೆನ್‌ಡ್ರೈವ್ ಸಾಕು. ಲೈಸೆನ್ಸ್ ಹೋಗುತ್ತದೆಂಬ ಭಯ ಬೇಡ. ಡಿಜಿಟಲ್ ಲೈಸೆನ್ಸ್ ಇದ್ದರೆ ಅದು ಮದರ್‌ಬೋರ್ಡ್‌ಗೆ ಅಂಟಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಸಕ್ರಿಯವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಒಪ್ಪಿದರೆ 11ಕ್ಕೆ ಹೋಗಲು ಇದೇ ಸಮಯ.

ಸ್ಕ್ರೂಡ್ರೈವರ್ ಹಿಡಿದಾಗ

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ತೆಗೆದ ಡಿಸ್ಕನ್ನು ಬೇರೆಡೆ ಓದಲಾಗದು. ಚಾರ್ಜರ್ ಕಳಚಿ, ಸಾಧ್ಯವಿದ್ದರೆ ಬ್ಯಾಟರಿ ಸಂಪರ್ಕವನ್ನೂ ಬಿಡಿಸಿ, ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಹಿಂಬದಿಯ ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ. ಹಾಳೆಯ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಟ್ಟರೆ ಕೊನೆಗೆ ಎರಡು ಸ್ಕ್ರೂ ಮಿಗುವುದಿಲ್ಲ. ಡಿಸ್ಕ್ ಸುತ್ತಲಿನ ಚೌಕಟ್ಟನ್ನು ಬಿಚ್ಚಿ ಎಸ್‌ಎಸ್‌ಡಿಗೆ ತೊಡಿಸಿ. ಹಳೇ ಡಿಸ್ಕ್ 9.5 ಮಿ.ಮೀ. ದಪ್ಪವಿದ್ದು ಹೊಸದು 7 ಇದ್ದರೆ ಅದು ಸಡಿಲವಾಗಿ ಕೂರುತ್ತದೆ. ಪ್ಲಾಸ್ಟಿಕ್ ಸ್ಪೇಸರ್ ಕೇಳಿ ಪಡೆಯಿರಿ.

ಹಳೇ ಡಿಸ್ಕನ್ನು ಒಂದೆರಡು ತಿಂಗಳು ಹಾಗೇ ಇಟ್ಟಿರಿ. ಬಿಟ್ಟುಹೋದ ಫೋಲ್ಡರ್ ನೆನಪಾಗುವುದು ಆಮೇಲೆಯೇ. ಬೇಡವೆನಿಸಿದಾಗ ಇ-ತ್ಯಾಜ್ಯಕ್ಕೆ ಕೊಡುವ ಮೊದಲು ಡ್ರಿಲ್‌ನಿಂದ ತೂತು ಹೊಡೆಯುವುದಾದರೆ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಡಿಸ್ಕ್‌ಗಳ ತಟ್ಟೆ ಹಲವು ಸಲ ಗಾಜಿನದೇ ಆಗಿರುತ್ತದೆ, ಚೂರುಚೂರಾಗಿ ಸಿಡಿಯುತ್ತದೆ.